824-16-63: ಮಾವನ ಖಾತೆ ಪುಸ್ತಕದಲ್ಲಿ ಸಿಕ್ಕ ಮೂರು ಅಂಕಿ

ಬ್ಲಾಗಿನ ಮೇಲೆ ಧೂಳು ಕೂತಿದೆ ಅಂತ ನಾಲ್ಕೈದು ಗೆಳೆಯರು ಚುಚ್ಚಿ ಬರೆದಿದ್ದರು. ಬರೆಯಲಿಕ್ಕೆ ವಿಷಯ ಇರಲಿಲ್ಲ ಅಂತೇನಲ್ಲ, ಶುದ್ಧ ಸೋಮಾರಿತನ :) ಆದರೆ ಈ ಸಲ ಶಿರಸಿಗೆ ಹೋಗಿ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಅಲ್ಲಿ ಧೂಳು ಕೂತಿದ್ದು ಒಂದು ಕಂಪ್ಯೂಟರಿನ ಮೇಲೆ. ಅದನ್ನು ಒರೆಸಲು ಹೋಗಿ ನಾನು ಹಾರ್ಡ್ ಡಿಸ್ಕಿನ ನಲವತ್ತು ವರ್ಷದ ಇತಿಹಾಸ ಓದಬೇಕಾಯಿತು. ಓದಿದ್ದನ್ನು ನಿಮಗೆ ಹೇಳದೆ ಬಿಡುವವನಲ್ಲ ನಾನು. ಕಾಫಿ ಇಟ್ಟುಕೊಂಡು ಕೂತುಕೊಳ್ಳಿ, ಸ್ವಲ್ಪ ಉದ್ದ ಇದೆ.

ನನ್ನ ಸೋದರಮಾವ 1995ರಲ್ಲಿ ಶಿರಸಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಒಂದು 486 ಕಂಪ್ಯೂಟರು, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಒಂದು ಕನ್ನಡ ತಂತ್ರಾಂಶ. ಮದುವೆ, ಉಪನಯನದ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅವರಿಗೆ ಇನ್ನೊಂದು ಕೆಲಸ ಇತ್ತು. ನನ್ನ ಅಜ್ಜಿ ಹೇಳುತ್ತಿದ್ದ ಹಾಡುಗಳನ್ನು ಟೈಪ್ ಮಾಡುವುದು. ಮದುವೆಯ ಹಾಡು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಒಟ್ಟು 112. ಪುಸ್ತಕ ಮಾಡಿಸುವ ಆಸೆ. 1998ರಲ್ಲಿ ಅಜ್ಜಿ ತೀರಿಕೊಂಡರು. ಪುಸ್ತಕ ಆಗಲಿಲ್ಲ. ಪ್ರಿಂಟ್ ತೆಗೆದಿದ್ದ ಒಂದೇ ಪ್ರತಿಯನ್ನು ಮರದ ಕಪಾಟಿನಲ್ಲಿ ಗೆದ್ದಲು ತಿಂದಿತು. ಅಂಗಡಿ ಮುಚ್ಚಿತು. ಕಂಪ್ಯೂಟರು ಅಟ್ಟ ಹತ್ತಿತು.

ಈಗ ಮಾವನಿಗೆ ಎಪ್ಪತ್ತು ದಾಟಿದೆ. ಕಳೆದ ಮಳೆಗಾಲದಲ್ಲಿ ಫೋನ್ ಮಾಡಿ, "ಮಾಣಿ, ಆ ಡಬ್ಬಿಯೊಳಗೆ ಅಮ್ಮನ ಹಾಡು ಉಂಟು. ನೀನು ಕಂಪ್ಯೂಟರ್ ಓದಿದವ ಅಲ್ಲವಾ, ತೆಗೆದುಕೊಡು ಮಾರಾಯ" ಅಂದರು. ನಾನು ಹುಮ್ಮಸ್ಸಿನಲ್ಲಿ ಹೂಂ ಅಂದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ ನೋಡಿ!

ಅಟ್ಟದಿಂದ ಇಳಿಸಿ ಬಿಚ್ಚಿದರೆ, ಮದರ್‌ಬೋರ್ಡಿನ ಮೇಲೆ ಬೆಸುಗೆ ಹಾಕಿದ್ದ ಪೀಪಾಯಿ ಆಕಾರದ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಆ ಕಾಲದ ಬೋರ್ಡುಗಳನ್ನು ಕೊಲ್ಲುವುದು ಹೆಚ್ಚಾಗಿ ಇದೇ. ಪುಣ್ಯಕ್ಕೆ ಕಿಲುಬು ದೂರ ಹೋಗಿರಲಿಲ್ಲ. ಬ್ಯಾಟರಿ ಕತ್ತರಿಸಿ ತೆಗೆದು, ಜಾಗ ಒರೆಸಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದೆ. ಬೀಪ್ ಅಂತು! ಹಾರ್ಡ್ ಡಿಸ್ಕೂ ತಿರುಗಿತು, ಆದರೆ ಹಳೇ ಮಿಕ್ಸಿಯ ಹಾಗೆ ಕೂಗುತ್ತ. ಬಯೋಸ್‌ಗೆ ಹೋಗಿ ಡಿಸ್ಕನ್ನು ತಾನಾಗಿ ಪತ್ತೆ ಮಾಡು ಅಂದೆ. 989 ಸಿಲಿಂಡರ್, 15 ಹೆಡ್, 56 ಸೆಕ್ಟರ್ ಅಂತ ಹೇಳಿತು. ಡಿಸ್ಕಿನ ಮೇಲಿನ ಚೀಟಿಯಲ್ಲೂ ಅದೇ ಇತ್ತು. ಸರಿ ಅಂತ ಉಳಿಸಿ ಮುಂದೆ ಹೋದರೆ, ಆಪರೇಟಿಂಗ್ ಸಿಸ್ಟಮ್ ಇಲ್ಲ ಎಂಬ ಸಂದೇಶ. ಡಾಸ್ ಫ್ಲಾಪಿ ಹಾಕಿ ಸಿ ಡ್ರೈವಿಗೆ ಹೋದರೆ, ಓದಲಾಗುತ್ತಿಲ್ಲ, ನಿಲ್ಲಿಸಲಾ, ಮತ್ತೆ ನೋಡಲಾ ಅಂತ ಅದೇ ಹಳೆಯ ಪ್ರಶ್ನೆ.

ಡಿಸ್ಕು ಬಿಚ್ಚಿ ಯುಎಸ್‌ಬಿ ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಲ್ಲಿ ಅದು ಇದೆ ಅಂತಲೇ ಗೊತ್ತಾಗಲಿಲ್ಲ. ಊರಿನಲ್ಲಿ ರಿಪೇರಿ ಮಾಡುವ ಹುಡುಗನನ್ನು ಕೇಳಿದರೆ, "ಡಿಸ್ಕ್ ಹೋಗಿದೆ ಸರ್, ಫಾರ್ಮ್ಯಾಟ್ ಮಾಡಿ ನೋಡಬಹುದು" ಅಂದ. ಫಾರ್ಮ್ಯಾಟ್ ಮಾಡಿದರೆ ಹಾಡೂ ಹೋಗುತ್ತದಲ್ಲ!

ಆ ರಾತ್ರಿ ಇದರ ಬುಡಕ್ಕೇ ಹೋಗಬೇಕು ಅನ್ನಿಸಿ ಓದಲು ಕೂತೆ. ಇಲ್ಲಿಂದ ಮುಂದೆ ಇತಿಹಾಸ. ಮಾವನ ಕಥೆಗೆ ಆಮೇಲೆ ಬರುತ್ತೇನೆ.

ಗೋಡೆ ಡಿಸ್ಕಿನಲ್ಲಿಲ್ಲ, ವಿಳಾಸದಲ್ಲಿದೆ

ಜಗತ್ತಿನ ಮೊದಲ ಹಾರ್ಡ್ ಡಿಸ್ಕು 1956ರಲ್ಲಿ ಐಬಿಎಂ ಕಂಪನಿ ತಂದ 350. ರಾಮ್ಯಾಕ್ ಎಂಬ ಕಂಪ್ಯೂಟರಿನ ಜೊತೆಗೆ ಬಂತು. 24 ಇಂಚಿನ 50 ತಟ್ಟೆಗಳು, ದೊಡ್ಡ ಬೀರುವಿನಷ್ಟು ಗಾತ್ರ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಮನೆಯ ಮೇಜಿನ ಮೇಲೆ ಕೂರುವ ಕಂಪ್ಯೂಟರಿಗೆ ಒಗ್ಗುವ 5.25 ಇಂಚಿನ ಡಿಸ್ಕು ಬರಲು 1980ರ ತನಕ ಕಾಯಬೇಕಾಯಿತು. ಆಗ ಶುಗಾರ್ಟ್ ಟೆಕ್ನಾಲಜಿ ಅಂತ ಕರೆಸಿಕೊಳ್ಳುತ್ತಿದ್ದ, ಮುಂದೆ ಸೀಗೇಟ್ ಆದ ಕಂಪನಿಯ ಎಸ್‌ಟಿ-506. ಅದರ ಅಳತೆ 5 ಎಂಬಿ.

ಡಿಸ್ಕಿನೊಳಗೆ ಒಂದು ಜಾಗವನ್ನು ಹುಡುಕುವುದು ಹೇಗೆ? ದೋಸೆಗಳನ್ನು ಒಂದರ ಮೇಲೊಂದು ನಡುವೆ ಸಂದು ಬಿಟ್ಟು ಜೋಡಿಸಿದ್ದಾರೆ ಅಂದುಕೊಳ್ಳಿ. ಪ್ರತಿ ದೋಸೆಯ ಎರಡೂ ಮೈಯನ್ನು ಓದಲು ಒಂದೊಂದು ಹೆಡ್. ದೋಸೆಯ ಮೇಲೆ ಹಿಟ್ಟು ತಿರುಗಿಸಿದ ಗೆರೆಗಳ ಹಾಗೆ ಸುತ್ತುಗಳಿವೆ. ಎಲ್ಲ ದೋಸೆಗಳ ಒಂದೇ ದೂರದ ಸುತ್ತುಗಳನ್ನು ಸೇರಿಸಿದರೆ ಒಂದು ಸಿಲಿಂಡರ್. ಒಂದು ಸುತ್ತನ್ನು ತುಂಡು ಮಾಡಿದರೆ ಸೆಕ್ಟರ್, ಒಂದರಲ್ಲಿ 512 ಬೈಟ್. ಹಾಗಾಗಿ ಯಾವುದೇ ಜಾಗದ ವಿಳಾಸ ಮೂರು ಅಂಕಿ: ಎಷ್ಟನೇ ಸಿಲಿಂಡರ್, ಎಷ್ಟನೇ ಹೆಡ್, ಎಷ್ಟನೇ ಸೆಕ್ಟರ್. ಒಂದು ಡಿಸ್ಕಿನಲ್ಲಿ ಈ ಮೂರೂ ಎಷ್ಟೆಷ್ಟಿವೆ ಅಂತ ಗೊತ್ತಿಲ್ಲದಿದ್ದರೆ ಓದಲು ಬರುವುದಿಲ್ಲ.

ಈಗ ನೋಡಿ, ಹಳೆಯ ಕಂಪ್ಯೂಟರಿಗೆ ದೊಡ್ಡ ಡಿಸ್ಕು ಒಗ್ಗುವುದಿಲ್ಲ ಅಂದಾಗ ನಾವೆಲ್ಲ ಅಂದುಕೊಳ್ಳುವುದು ಯಂತ್ರಕ್ಕೆ ಶಕ್ತಿ ಸಾಲದು ಅಂತ. ಅದಲ್ಲ. ವಿಳಾಸ ಬರೆಯುವ ಚೌಕ ಸಾಲದು. ಪ್ರೆಸ್ಸಿನಲ್ಲಿ ರಶೀದಿ ಪುಸ್ತಕಕ್ಕೆ ನಂಬರ್ ಹೊಡೆಯುವ ಯಂತ್ರ ಇರುತ್ತದಲ್ಲ, ಅದರಲ್ಲಿ ಮೂರು ಚಕ್ರ ಇದ್ದರೆ 999 ಆದ ಮೇಲೆ 000. ಸಾವಿರದನೇ ರಶೀದಿ ಹೊಡೆಯಲು ಕಾಗದ ಇದೆ, ಶಾಯಿ ಇದೆ, ಚಕ್ರ ಇಲ್ಲ. ಹಾರ್ಡ್ ಡಿಸ್ಕಿನ ಇಡೀ ಇತಿಹಾಸ ಈ ಚಕ್ರಗಳ ಇತಿಹಾಸ.

1981ರ ಪಿಸಿ: ಡಿಸ್ಕಿಗೆ ಜಾಗವೇ ಇರಲಿಲ್ಲ

ಆಗಸ್ಟ್ 1981ರಲ್ಲಿ ಬಂದ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕು ಇರಲಿಲ್ಲ. ಆಮೇಲೆ ಹಾಕೋಣ ಅಂದವರಿಗೆ ಮೂರು ಅಡ್ಡಿ. ಒಂದು, ಅದರ ಪವರ್ ಸಪ್ಲೈ ಬರೀ 63.5 ವ್ಯಾಟಿನದು. ಎರಡು, ಡಾಸ್ ಮೊದಲ ಆವೃತ್ತಿಗೆ ಹಾರ್ಡ್ ಡಿಸ್ಕೂ ಗೊತ್ತಿಲ್ಲ, ಫೋಲ್ಡರಿನೊಳಗೆ ಫೋಲ್ಡರೂ ಗೊತ್ತಿಲ್ಲ. ಮೂರು, ಕಂಪ್ಯೂಟರು ಶುರುವಾಗುವಾಗ ಓಡುವ ಬಯೋಸ್ ಎಂಬ ಮೂಲ ತಂತ್ರಾಂಶಕ್ಕೆ ಹೊಸ ಕಾರ್ಡಿನ ಮಾತು ಕೇಳುವ ಅಭ್ಯಾಸ ಇರಲಿಲ್ಲ.

ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. 27 ಅಕ್ಟೋಬರ್ 1982ರ ತಾರೀಖಿರುವ ಹೊಸ ಬಯೋಸ್ ಒಂದು ಕೆಲಸ ಕಲಿತು ಬಂತು. ಶುರುವಾಗುವಾಗ ಕಾರ್ಡುಗಳ ಮೇಲೆ ತಮ್ಮದೇ ರಾಮ್ ಚಿಪ್ ಅಲ್ಲ, ರೋಮ್ ಚಿಪ್ ಏನಾದರೂ ಇದೆಯಾ ಅಂತ ಹುಡುಕುವುದು, ಇದ್ದರೆ ಅದರೊಳಗಿನ ಸೂಚನೆಗಳನ್ನು ನಡೆಸುವುದು. ಅಂದರೆ "ನನಗೆ ಗೊತ್ತಿಲ್ಲದ ಸಾಮಾನು ಬಂದರೆ, ಅದನ್ನು ಬಲ್ಲವರು ಬಂದು ಹೇಳಿ, ಕೇಳುತ್ತೇನೆ" ಅಂತ ಒಂದು ಬಾಗಿಲು ತೆರೆದಿಟ್ಟ ಹಾಗೆ.

ಮಾರ್ಚ್ 1983ರಲ್ಲಿ ಪಿಸಿ ಎಕ್ಸ್‌ಟಿ ಬಂತು. 130 ವ್ಯಾಟ್ ಸಪ್ಲೈ, ಡಾಸ್ 2.0, ಒಳಗೇ 10 ಎಂಬಿ ಡಿಸ್ಕು. 306 ಸಿಲಿಂಡರ್, 4 ಹೆಡ್, 17 ಸೆಕ್ಟರ್. ಗುಣಿಸಿ ನೋಡಿ, 512ರಿಂದಲೂ ಗುಣಿಸಿದರೆ 1,06,53,696 ಬೈಟ್.

ಇದಕ್ಕೆ ವಿಳಾಸದ ಚೌಕ ಎಷ್ಟು ಕೊಟ್ಟರು? ಫ್ಲಾಪಿಗೆ ಅಂತ ಮಾಡಿದ್ದ ಏರ್ಪಾಡನ್ನೇ ಹಿಗ್ಗಿಸಿದರು. ಅದರಲ್ಲಿ ಸುತ್ತಿಗೆ ಎಂಟು ಬಿಟ್, ಸೆಕ್ಟರಿಗೆ ಎಂಟು ಬಿಟ್ ಇತ್ತು. (ಬಿಟ್ ಅಂದರೆ ಸೊನ್ನೆ ಅಥವಾ ಒಂದು ಕೂರುವ ಒಂದು ಮನೆ. ಎಂಟು ಮನೆಗೆ 256 ಬೇರೆ ಬೇರೆ ಸಂಖ್ಯೆ.) 306 ಸಿಲಿಂಡರಿಗೆ 256 ಸಾಲುವುದಿಲ್ಲ. ಸೆಕ್ಟರಿನ ಎಂಟರಲ್ಲಿ ಎರಡು ಬಿಟ್ ಕಡ ತೆಗೆದು ಸಿಲಿಂಡರಿಗೆ ಕೊಟ್ಟರು. ಹೀಗೆ ಸಿಲಿಂಡರಿಗೆ ಹತ್ತು ಬಿಟ್, ಅಂದರೆ 1024. ಸೆಕ್ಟರಿಗೆ ಆರು ಬಿಟ್, ಒಂದರಿಂದ ಎಣಿಸುವುದರಿಂದ 63. ಹೆಡ್ಡಿಗೆ ಎಂಟು ಬಿಟ್, 256. ಇದ್ದದ್ದು 306, ಬಿಟ್ಟ ಜಾಗ 1024. ಮೂರು ಪಟ್ಟಿಗಿಂತ ಜಾಸ್ತಿ. ಆ ಹೊತ್ತಿಗೆ ಇದು ಧಾರಾಳತನವೇ. ಇವತ್ತು ಅವರನ್ನು ನೋಡಿ ನಗುವುದು ಸುಲಭ, ಆದರೆ ಅವರ ಜಾಗದಲ್ಲಿ ನಾನಿದ್ದರೂ ಇಷ್ಟೇ ಮಾಡುತ್ತಿದ್ದೆ.

ಒಂದಾದ ಮೇಲೊಂದು ಗೋಡೆ

1984ರ ಆಗಸ್ಟಿನಲ್ಲಿ ಪಿಸಿ ಎಟಿ ಬಂದಾಗ ಡಿಸ್ಕಿನ ಅಂಕಿಗಳನ್ನು ನೆನಪಿಡುವ ಕೆಲಸ ಬಯೋಸ್‌ಗೆ ಬಂತು. ಅದರೊಳಗೆ ಒಂದು ಪಟ್ಟಿ: ಒಂದನೇ ಬಗೆಯ ಡಿಸ್ಕಿಗೆ ಇಷ್ಟು ಸಿಲಿಂಡರ್, ಎರಡನೇ ಬಗೆಗೆ ಇಷ್ಟು ಅಂತ. ಮೊದಲ ಎಟಿಯಲ್ಲಿ ಇದ್ದದ್ದು 14 ಬಗೆ. ನಿಮ್ಮ ಡಿಸ್ಕಿನ ಬಗೆಯ ನಂಬರನ್ನು ಬ್ಯಾಟರಿಯಿಂದ ಜೀವ ಹಿಡಿದಿರುವ ಒಂದು ಪುಟ್ಟ ಚಿಪ್‌ನಲ್ಲಿ ಬರೆದಿಡಬೇಕು. ಪಟ್ಟಿಯಲ್ಲಿ ಇಲ್ಲದ ಡಿಸ್ಕು ತಂದಿರೋ, ಹತ್ತಿರದ್ದನ್ನು ಆರಿಸಿ ಉಳಿದ ಜಾಗ ಬಿಡಬೇಕು. ಮುಂದೆ ಬೇರೆ ಕಂಪನಿಗಳ ಬಯೋಸ್‌ಗಳಲ್ಲಿ 47ನೇ ಬಗೆ ಅಂತ ಖಾಲಿ ಸಾಲು ಬಂತು. ಅಲ್ಲಿ ನಮಗೆ ಬೇಕಾದ ಅಂಕಿಯನ್ನು ಕೈಯಾರೆ ತುಂಬಬಹುದು. ಈ ಖಾಲಿ ಸಾಲು ನಮ್ಮ ಕಥೆಯ ಮುಖ್ಯ ಪಾತ್ರಧಾರಿ.

ಮೊದಲ ದೊಡ್ಡ ಗೋಡೆ ಡಾಸ್‌ನಲ್ಲೇ ಇತ್ತು. ಒಂದು ಪಾರ್ಟಿಶನ್ನಿನ ಸೆಕ್ಟರುಗಳನ್ನು ಎಣಿಸಲು 16 ಬಿಟ್. 65,536 ಸೆಕ್ಟರ್ ಗುಣಿಸು 512, ಅಂದರೆ 32 ಎಂಬಿ. 40 ಎಂಬಿ ಡಿಸ್ಕು ಕೊಂಡವರು 8 ಎಂಬಿ ಸುಮ್ಮನೆ ನೋಡುತ್ತ ಕೂರಬೇಕಿತ್ತು. 1987ರ ಡಾಸ್ 3.3 ಒಂದು ಉಪಾಯ ಮಾಡಿತು. ಡಿಸ್ಕನ್ನು ಸಿ, ಡಿ, ಇ ಅಂತ ಹಿಸ್ಸೆ ಮಾಡಿ, ಪ್ರತಿಯೊಂದೂ 32ರೊಳಗೆ ಇರಲಿ ಅಂದಿತು. ಅದೇ ವರ್ಷದ ಕೊನೆಗೆ ಕಾಂಪ್ಯಾಕ್ ತನ್ನ ಡಾಸ್ 3.31ರಲ್ಲಿ, 1988ರಲ್ಲಿ ಡಾಸ್ 4.0ರಲ್ಲಿ, ಎಣಿಕೆಗೆ 32 ಬಿಟ್ ಕೊಟ್ಟು ಗೋಡೆಯನ್ನೇ ಕೆಡವಿದರು.

ಎರಡನೆಯ ಗೋಡೆಯ ಕಥೆ ಮಜವಾಗಿದೆ. 1986ರಲ್ಲಿ ಐಡಿಇ ಡಿಸ್ಕುಗಳು ಬಂದವು, ಡಿಸ್ಕನ್ನು ನಡೆಸುವ ಬುದ್ಧಿಯೆಲ್ಲ ಡಿಸ್ಕಿನ ಮೈಮೇಲೆಯೇ ಇರುವಂಥವು. ಇವುಗಳ ವಿಳಾಸದ ಚೌಕ ಬೇರೆ: ಸಿಲಿಂಡರಿಗೆ 16 ಬಿಟ್, ಹೆಡ್ಡಿಗೆ 4, ಸೆಕ್ಟರಿಗೆ 8. ಇಷ್ಟರಿಂದಲೇ 136.9 ಜಿಬಿ ಮುಟ್ಟಬಹುದಿತ್ತು. ಬಯೋಸ್‌ನ ಚೌಕದಿಂದ 8.4 ಜಿಬಿ. ಆದರೆ ಮಾತು ಎರಡನ್ನೂ ದಾಟಿ ಹೋಗಬೇಕಲ್ಲ? ಸಿಲಿಂಡರಿಗೆ ಬಯೋಸ್‌ನ 1024, ಹೆಡ್ಡಿಗೆ ಡಿಸ್ಕಿನ 16, ಸೆಕ್ಟರಿಗೆ ಬಯೋಸ್‌ನ 63. ಪ್ರತಿ ಸಲವೂ ಎರಡರಲ್ಲಿ ಸಣ್ಣದೇ ಗೆಲ್ಲುತ್ತದೆ. ಗುಣಿಸಿದರೆ 52,84,82,304 ಬೈಟ್. 1024ರ ಲೆಕ್ಕದಲ್ಲಿ 504 ಎಂಬಿ, ಸಾವಿರದ ಲೆಕ್ಕದಲ್ಲಿ 528. ಗಂಡಿನ ಕಡೆಯವರೂ ಶ್ರೀಮಂತರು, ಹೆಣ್ಣಿನ ಕಡೆಯವರೂ ಶ್ರೀಮಂತರು, ಆದರೆ ಇಬ್ಬರಿಗೂ ಒಪ್ಪಿಗೆಯಾದ ಚಪ್ಪರ ಮಾತ್ರ ಪುಟ್ಟದು!

1994ರ ಹೊತ್ತಿಗೆ ಅಂಗಡಿಗಳಲ್ಲಿ 540 ಎಂಬಿ ಡಿಸ್ಕು ಬಂದು ಈ ಗೋಡೆಗೆ ಎಲ್ಲರೂ ತಲೆ ಚಚ್ಚಿಕೊಂಡರು. ಪರಿಹಾರ ಏನು ಗೊತ್ತೇ? ಸುಳ್ಳು ಹೇಳುವುದು. ಡಿಸ್ಕು "ನನ್ನ ಹತ್ತಿರ 2096 ಸಿಲಿಂಡರ್, 16 ಹೆಡ್ ಇದೆ" ಅನ್ನುತ್ತದೆ. ಹೊಸ ಬಯೋಸ್ ಅದನ್ನು ಡಾಸ್‌ಗೆ "524 ಸಿಲಿಂಡರ್, 64 ಹೆಡ್" ಅಂತ ಹೇಳುತ್ತದೆ. ನಾಲ್ಕರಿಂದ ಭಾಗಿಸಿ, ನಾಲ್ಕರಿಂದ ಗುಣಿಸು. ಒಟ್ಟು ಅಷ್ಟೇ, 1.08 ಜಿಬಿ. ಅಸಲಿಗೆ ಡಿಸ್ಕು ಹೇಳಿದ್ದೂ ಸುಳ್ಳೇ. ಆ ಪುಟ್ಟ ಡಬ್ಬಿಯೊಳಗೆ 16 ಹೆಡ್ ಎಲ್ಲಿಂದ ಬರಬೇಕು? ಹೊರಗಿನ ದೊಡ್ಡ ಸುತ್ತಿನಲ್ಲಿ ಹೆಚ್ಚು ಸೆಕ್ಟರ್, ಒಳಗಿನ ಸಣ್ಣ ಸುತ್ತಿನಲ್ಲಿ ಕಡಿಮೆ ಸೆಕ್ಟರ್ ಇಡುವ ಪದ್ಧತಿ ಆಗಲೇ ಬಂದಿತ್ತು, ಹಾಗಾಗಿ "ಪ್ರತಿ ಸುತ್ತಿಗೆ 63" ಎಂಬುದೂ ಕಟ್ಟುಕಥೆ. ಎಲ್ಲರೂ ಒಪ್ಪಿಕೊಂಡ ಸುಳ್ಳು, ಆದ್ದರಿಂದ ಕೆಲಸ ನಡೆಯುತ್ತದೆ. ಬಯೋಸ್ ಬದಲಿಸಲಾಗದವರಿಗೆ ಡಿಸ್ಕ್ ಮ್ಯಾನೇಜರ್, ಇಝಡ್-ಡ್ರೈವ್ ಮುಂತಾದ ತಂತ್ರಾಂಶಗಳಿದ್ದವು. ಅವು ಡಿಸ್ಕಿನ ಮೊದಲ ಸೆಕ್ಟರಿನಲ್ಲೇ ಕೂತು ಇದೇ ಸುಳ್ಳನ್ನು ಹೇಳುತ್ತಿದ್ದವು.

ಈ ಉಪಾಯದಲ್ಲಿ ಒಂದು ಅಪಾಯ ಅಡಗಿದೆ. ಒಬ್ಬ ಒಂದು ಬಗೆಯ ಸುಳ್ಳು ನಂಬಿ ಬರೆದ ಡಿಸ್ಕನ್ನು, ಇನ್ನೊಬ್ಬ ಬೇರೆ ಸುಳ್ಳು ನಂಬಿ ಓದಲು ಹೋದರೆ? ಡಿಸ್ಕು ಸರಿಯಿದೆ, ಬರೆದದ್ದು ಹಾಗೇ ಇದೆ, ಆದರೂ ಸಿಗುವುದೆಲ್ಲ ಕಸ. ಈ ಸಾಲು ಓದಿದಾಗ ರಾತ್ರಿ ಒಂದೂವರೆ. ಎದ್ದು ಕೂತೆ.

ಆದರೆ ಕಥೆ ಶುರು ಮಾಡಿದ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. 8.4 ಜಿಬಿ ಗೋಡೆಯನ್ನು ದಾಟಲು ಮೂರು ಅಂಕಿಯ ವಿಳಾಸವನ್ನೇ ಬಿಟ್ಟು, ಸೆಕ್ಟರುಗಳಿಗೆ ಸೊನ್ನೆಯಿಂದ ಸಾಲಾಗಿ ನಂಬರ್ ಹಾಕಿದರು. ಇದೇ ಎಲ್‌ಬಿಎ. ಡಾಸ್‌ನ 16 ಬಿಟ್ ಫ್ಯಾಟ್ ವ್ಯವಸ್ಥೆ 2 ಜಿಬಿಗೆ ನಿಂತಿತ್ತು, 1996ರಲ್ಲಿ ವಿಂಡೋಸ್ 95ರ ಎರಡನೇ ಆವೃತ್ತಿಯ ಜೊತೆ ಫ್ಯಾಟ್32 ಬಂದು ಅದನ್ನು ದಾಟಿತು. 1999ರ ಸುಮಾರಿಗೆ ಕೆಲವು ಬಯೋಸ್‌ಗಳು 33.8 ಜಿಬಿಯಲ್ಲಿ ಕಂಗಾಲಾಗಿ ನಿಂತವು. ಆಗ ಡಿಸ್ಕು ತಯಾರಿಸುವವರು ಒಂದು ಜಂಪರ್ ಇಟ್ಟರು, ಅದನ್ನು ಸಿಕ್ಕಿಸಿದರೆ ದೊಡ್ಡ ಡಿಸ್ಕು "ನಾನು ಸಣ್ಣವ" ಅಂತ ಹೇಳಿಕೊಳ್ಳುತ್ತಿತ್ತು. ಆಮೇಲೆ 137 ಜಿಬಿ. ಐಡಿಇ ವಿಳಾಸದ ಒಟ್ಟು 28 ಬಿಟ್ ಮುಗಿಯುವ ಜಾಗ ಅದು. ಇದು ಎಲ್ಲಕ್ಕಿಂತ ಕೆಟ್ಟ ಗೋಡೆ, ಏಕೆಂದರೆ ಇದು ಕಾಣಿಸುವುದಿಲ್ಲ. ಅಳತೆ ಸರಿಯಾಗಿ ತಿಳಿಯದ ವ್ಯವಸ್ಥೆಯಲ್ಲಿ ಅದರಾಚೆ ಬರೆಯಲು ಹೋದರೆ, ನಂಬರಿಂಗ್ ಯಂತ್ರದ ಚಕ್ರ ತಿರುಗಿ ಸೊನ್ನೆಗೆ ಬಂದ ಹಾಗೆ, ಬರಹ ಡಿಸ್ಕಿನ ಶುರುವಿನ ಮೇಲೆ ಹೋಗಿ ಬೀಳಬಹುದು. ಹೊಸ ಫೋಟೋ ಉಳಿಸಲು ಹೋಗಿ ಇಡೀ ಡಿಸ್ಕಿನ ಸೂಚಿ ಅಳಿಸಿದ ಹಾಗೆ. 2002ರಲ್ಲಿ 48 ಬಿಟ್ ವಿಳಾಸ ಶಿಷ್ಟತೆಗೆ ಸೇರಿತು, ಅದೇ ವರ್ಷ ವಿಂಡೋಸ್ ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕ್ ಅದನ್ನು ಕಲಿಯಿತು. 48 ಬಿಟ್ ಅಂದರೆ 14 ಕೋಟಿ ಜಿಬಿಗೂ ಮೇಲೆ. ಸಾಕು ಅನ್ನಿಸುತ್ತದೆ, ಅಲ್ಲವೇ? 306 ಸಿಲಿಂಡರಿಗೆ 1024 ಕೊಟ್ಟವರಿಗೂ ಹಾಗೇ ಅನ್ನಿಸಿತ್ತು :)

ಇಷ್ಟೆಲ್ಲ ಆದ ಮೇಲೂ 1983ರ ಡಾಸ್ 2.0 ತಂದ ಪಾರ್ಟಿಶನ್ ಪಟ್ಟಿ ಹಾಗೇ ಉಳಿದಿತ್ತು. ಅದರಲ್ಲಿ ಸೆಕ್ಟರಿನ ಎಣಿಕೆಗೆ 32 ಬಿಟ್. ಅದು ಮುಗಿಯುವುದು 2.2 ಟಿಬಿಗೆ. 2010ರಲ್ಲಿ 3 ಟಿಬಿ ಡಿಸ್ಕುಗಳು ಬಂದಾಗ, 10 ಎಂಬಿ ಡಿಸ್ಕಿಗೆ ಅಂತ ಬರೆದ ಆ ಪಟ್ಟಿ ಕೊನೆಗೂ ಸುಸ್ತಾಯಿತು. ಇಪ್ಪತ್ತೇಳು ವರ್ಷ, ಎರಡು ಲಕ್ಷ ಪಟ್ಟು ಬೆಳವಣಿಗೆ ತಡೆದುಕೊಂಡಿತ್ತು. ಕೈ ಮುಗಿಯಬೇಕು.

ಮತ್ತೆ ಶಿರಸಿಗೆ

ಬೆಳಿಗ್ಗೆ ಎದ್ದವನೇ ಮಾವನನ್ನು ಕೇಳಿದೆ, "ಮಾವ, 1995ರಲ್ಲಿ ಈ ಡಿಸ್ಕ್ ಹಾಕಿದವರು ಯಾರು? ಬಯೋಸ್‌ನಲ್ಲಿ ಯಾವ ಅಂಕಿ ತುಂಬಿದ್ದರು?"

"ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ. ಅಂಕಿಗಿಂಕಿ ನನಗೇನು ಗೊತ್ತು ಮಾರಾಯ?"

ನನ್ನ ಊಹೆ ಇಷ್ಟು. ಆ ಹುಡುಗ ಡಿಸ್ಕಿನ ಚೀಟಿಯ ಅಂಕಿ ಹಾಕದೆ 47ನೇ ಸಾಲಿನಲ್ಲಿ ಬೇರೆ ಯಾವುದೋ ಅಂಕಿ ತುಂಬಿದ್ದಾನೆ. ಒಟ್ಟು ಅಳತೆ ಮೀರದಿದ್ದರೆ ಐಡಿಇ ಡಿಸ್ಕು ಆ ಸುಳ್ಳನ್ನೂ ಒಪ್ಪಿಕೊಳ್ಳುತ್ತದೆ. ಬ್ಯಾಟರಿ ಸತ್ತಾಗ ಆ ಅಂಕಿ ಮರೆತುಹೋಗಿದೆ. ಈಗ ತಾನಾಗಿ ಪತ್ತೆ ಮಾಡಿದಾಗ ಚೀಟಿಯ ಅಂಕಿ ಬಂದಿದೆ. ಹಾಗಾದರೆ ಡಿಸ್ಕು ಸತ್ತಿಲ್ಲ, ವಿಳಾಸ ಕಳೆದಿದೆ ಅಷ್ಟೇ. ಯುಎಸ್‌ಬಿ ಅಡಾಪ್ಟರಿಗೂ ಇದೇ ಕಾರಣಕ್ಕೆ ಕಂಡಿರಲಿಲ್ಲ. ಅಂಥ ಅಡಾಪ್ಟರುಗಳಲ್ಲಿ ಬಹುಪಾಲು ಎಲ್‌ಬಿಎ ಮಾತ್ರ ಮಾತಾಡುತ್ತವೆ, ಮೂರು ಅಂಕಿಯ ವಿಳಾಸ ಮಾತ್ರ ಬಲ್ಲ ಹಳೆಯ ಡಿಸ್ಕಿನ ಜೊತೆ ಅವಕ್ಕೆ ಮಾತೇ ಇಲ್ಲ.

ಅಂಕಿ ಊಹಿಸುತ್ತ ಮಧ್ಯಾಹ್ನ ಆಯಿತು. ಡಿಸ್ಕಿನ ಕೂಗು ಜೋರಾಗುತ್ತಿತ್ತು. ಅತ್ತೆ ಊಟಕ್ಕೆ ಕರೆದರು. ಊಟ ಮಾಡಿ ಬಂದು ನೋಡಿದರೆ ಮಾವ ಜಗಲಿಯಲ್ಲಿ ಕೂತು ಅಂಗಡಿಯ ಹಳೆಯ ಖಾತೆ ಪುಸ್ತಕಗಳನ್ನು ತಿರುವುತ್ತಿದ್ದರು. "ಇದು ಏನೋ ನೋಡು. ಇಷ್ಟು ವರ್ಷ ನಾನು ಅವನ ಬಿಲ್ ನಂಬರ್ ಅಂದುಕೊಂಡಿದ್ದೆ" ಅಂದರು.

"ಹಾರ್ಡ್ ಡಿಸ್ಕ್" ಅಂತ ಮಾವ ಬರೆದಿದ್ದ ಸಾಲಿನ ಪಕ್ಕ, ಬೇರೆ ಕೈಬರಹದಲ್ಲಿ, ಪೆನ್ಸಿಲಿನಲ್ಲಿ: 824-16-63.

824 ಗುಣಿಸು 16 ಗುಣಿಸು 63. ಒಟ್ಟು 8,30,592 ಸೆಕ್ಟರ್. ಚೀಟಿಯ ಪ್ರಕಾರ ಡಿಸ್ಕಿನಲ್ಲಿ ಇದ್ದದ್ದು 8,30,760. ಒಳಗೇ ಕೂರುತ್ತದೆ! ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬಯೋಸ್‌ನಲ್ಲಿ ತುಂಬಿ ಉಳಿಸಿದೆ. ಕಪ್ಪು ಪರದೆ. ಡಿಸ್ಕು ಕೂಗಿತು. ಆಮೇಲೆ ಡಾಸ್ ಶುರುವಾಯಿತು, ಅದರ ಹಿಂದೆ ವಿಂಡೋಸ್ 3.1ರ ಚಿತ್ರ. ಮಾವ ನನ್ನ ಬೆನ್ನ ಮೇಲೆ ಕೈಯಿಟ್ಟು ಏನೂ ಮಾತಾಡದೆ ನಿಂತಿದ್ದರು.

ಮುಂದಿನ ಕೆಲಸ, ಕೂಗುವ ಡಿಸ್ಕಿನಿಂದ ಬೇರೆ ಕಡೆ ಎಲ್ಲ ಸಾಗಿಸುವುದು. ಹಾಡಿನ ಕಡತಗಳನ್ನು ತೆರೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಒಂದು ಡಾಂಗಲ್ ಬೇಕು, ಅದಕ್ಕೆ ಇದೇ ಯಂತ್ರ ಬೇಕು. ಅಂದರೆ ಈ ಕಂಪ್ಯೂಟರಿಗೇ ಹೊಸ ಡಿಸ್ಕು ಹಾಕಬೇಕು. ತಮಾಷೆ ಏನು ಗೊತ್ತೇ, ಇವತ್ತು ಸಣ್ಣ ಡಿಸ್ಕು ಹುಡುಕಿದರೂ ಸಿಗುವುದಿಲ್ಲ. ನಾನು ತಂದಿದ್ದು ಹಳೆಯ ಕ್ಯಾಮೆರಾದ 4 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. 1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಈ ಬಗೆಯ ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ. ಪಿನ್ನುಗಳನ್ನು ಹೊಂದಿಸುವ ಅಗ್ಗದ ಅಡಾಪ್ಟರ್ ಒಂದಿದ್ದರೆ ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರುತ್ತದೆ, ಸದ್ದೂ ಇಲ್ಲ.

ಬಯೋಸ್ ಅದನ್ನು ಕಂಡ ಕೂಡಲೇ ಗರ ಬಡಿದಂತೆ ನಿಂತಿತು. 504ರ ಗೋಡೆ! 47ನೇ ಸಾಲಿನಲ್ಲಿ ನಾನೂ ಒಂದು ಸುಳ್ಳು ಬರೆದೆ: 1023-16-63. ಒಪ್ಪಿಕೊಂಡಿತು. "4 ಜಿಬಿ ತಂದು ಅರ್ಧ ಜಿಬಿ ಬಳಸುವುದಾ? ನಾಲ್ಕು ಎಕರೆ ತೋಟ ತಗೊಂಡು ಅರ್ಧ ಎಕರೆಗೆ ಗೊಬ್ಬರ ಹಾಕಿದ ಹಾಗಾಯ್ತು" ಅಂದರು ಮಾವ. ಆಗಲಿ, ಮೊದಲು ಜೀವ ಉಳಿಯಲಿ ಅಂತ ಎಲ್ಲ ನಕಲು ಮಾಡಿ, ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೂ ಒಂದು ಪ್ರತಿ ಹಾಕಿಕೊಂಡೆ. 112ರಲ್ಲಿ 109 ಹಾಡು ಸಿಕ್ಕಿತು. ಮೂರು ಕಡತಗಳಿದ್ದ ಜಾಗ ಕೆಟ್ಟುಹೋಗಿತ್ತು. ಎಷ್ಟು ಸಲ ಕೇಳಿದರೂ ಡಿಸ್ಕು ಕೊಡಲಿಲ್ಲ.

ಮಾವನ ಹತ್ತಿರ ಇನ್ನೂ ಇನ್ನೂರು ಫ್ಲಾಪಿ ಇದ್ದವು, ಅವೂ ಒಳಗೆ ಬರಬೇಕು ಅಂದರು. 504 ಸಾಲುವುದಿಲ್ಲ. ಇಲ್ಲೇ 1982ರ ಆ ಬಾಗಿಲು ಕೆಲಸಕ್ಕೆ ಬಂದಿದ್ದು. ಹಳೆಯ ಯಂತ್ರಗಳ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್ ಎಂಬ ಮುಕ್ತ ತಂತ್ರಾಂಶ ಇದೆ. 8 ಕಿಲೋಬೈಟಿನ ಚಿಪ್‌ನಲ್ಲಿ ಕೂರುವಷ್ಟು ಸಣ್ಣದು. ಅದನ್ನು ಬರೆದ ಚಿಪ್ ತರಿಸಿ, ಹಳೆಯ ನೆಟ್‌ವರ್ಕ್ ಕಾರ್ಡಿನ ಮೇಲೆ ಖಾಲಿ ಬಿದ್ದಿದ್ದ ರೋಮ್ ಸಾಕೆಟ್ಟಿಗೆ ಸಿಕ್ಕಿಸಿದೆ. 486ರ ಬಯೋಸ್ ಎಂದಿನಂತೆ ಶುರುವಾಯಿತು, ಎಂದಿನಂತೆ ಕಾರ್ಡುಗಳನ್ನು ತಟ್ಟಿ ಕೇಳಿತು, ಯಾರಾದರೂ ಇದ್ದೀರಾ? ಹೊಸ ಚಿಪ್ ಓಗೊಟ್ಟಿತು. ಡಿಸ್ಕಿನ ಜವಾಬ್ದಾರಿ ತಾನು ತೆಗೆದುಕೊಂಡು ಪೂರ್ತಿ 4 ಜಿಬಿ ತೋರಿಸಿತು. ಲೆಕ್ಕ ಬದಲಾದ್ದರಿಂದ ಕಾರ್ಡನ್ನು ಹೊಸದಾಗಿ ಪಾರ್ಟಿಶನ್ ಮಾಡಬೇಕಾಯಿತು, ಡಾಸ್ 6.22ರ 2 ಜಿಬಿ ಮಿತಿಯೊಳಗೆ ಎರಡು ಹಿಸ್ಸೆ. ಮಿತಿಗಳನ್ನು ಕಟ್ಟಿದವರೇ, ತಮಗೆ ಗೊತ್ತಿಲ್ಲದವರಿಗಾಗಿ ಬಾಗಿಲನ್ನೂ ಇಟ್ಟಿದ್ದರು. ನಲವತ್ತು ವರ್ಷದ ಮೇಲೆ ಆ ಬಾಗಿಲಿನಿಂದ ನಾನು ಒಳಗೆ ಹೋದೆ.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಕಡತ ತೆರೆದರೆ ಕನ್ನಡ ಸರಿಯಾಗಿ ಕಾಣುವುದು ಆ ಯಂತ್ರದ ಆ ಫಾಂಟಿನಲ್ಲಿ ಮಾತ್ರ. ಲ್ಯಾಪ್‌ಟಾಪಿನಲ್ಲಿ ಎಲ್ಲ ಚಿತ್ತಾರ. ನಮ್ಮಲ್ಲಿ ಹಳಬರಿಗೆ ಇದು ಗೊತ್ತೇ ಇದೆ. ಎಂಟು ಬಿಟ್, 256 ಮನೆ, ಅದರಲ್ಲಿ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ತುಂಡು ತುಂಡು ಮಾಡಿ ತುರುಕುತ್ತಿದ್ದರು. ಯಾವ ಮನೆಯಲ್ಲಿ ಯಾವ ತುಂಡು ಎಂಬುದು ಒಬ್ಬೊಬ್ಬರದು ಒಂದೊಂದು ಬಗೆ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಜಾಗ ಸಿಕ್ಕಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯ ತನಕ ನಮ್ಮ ಮೇಜಿಗೆ ಅದು ಬಂದಿರಲಿಲ್ಲ. ಇಲ್ಲೂ ಅದೇ ಪಾಠ: ಬರಹ ಇದ್ದರೆ ಸಾಲದು, ಅದನ್ನು ಯಾವ ಲೆಕ್ಕದಲ್ಲಿ ಬರೆದಿದ್ದು ಎಂಬ ಚೀಟಿಯೂ ಇರಬೇಕು. ಆ ಫಾಂಟಿನ ಮನೆಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅರ್ಕಾವತ್ತು ಮಾತ್ರ ವಾರಗಟ್ಟಲೆ ಕಾಡಿತು, ಏಕೆಂದರೆ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರುತ್ತದೆ.

ದೀಪಾವಳಿಗೆ 109 ಹಾಡುಗಳನ್ನೂ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿ ಒಯ್ದೆ. ಅಮ್ಮ ಮತ್ತು ದೊಡ್ಡಮ್ಮ ಜಗಲಿಯಲ್ಲಿ ಕೂತು ಓದುತ್ತ ಓದುತ್ತ ಹಾಡಲು ಶುರುಮಾಡಿದರು. ಕಳೆದುಹೋದ ಮೂರರಲ್ಲಿ ಒಂದು ದೊಡ್ಡಮ್ಮನಿಗೆ ಬಾಯಿಪಾಠ ಬರುತ್ತಿತ್ತು. ಬರೆದುಕೊಂಡೆ. ಈಗ 110.

ಹೊರಡುವಾಗ ನೋಡಿದರೆ, ಮಾವ ಆ ಖಾತೆ ಪುಸ್ತಕದ ಅದೇ ಪುಟದಲ್ಲಿ, ಹುಬ್ಬಳ್ಳಿಯ ಹುಡುಗನ ಪೆನ್ಸಿಲಿನ ಕೆಳಗೆ, ಹೊಸ ಕಾರ್ಡಿನ ಅಂಕಿಗಳನ್ನು ಪೆನ್ನಿನಲ್ಲಿ ಬರೆಯುತ್ತಿದ್ದರು. ಇನ್ನೊಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಒಳಗೂ ಅಂಟಿಸಿದ್ದಾರೆ. ಆ ಹುಡುಗ ಯಾರೋ, ಈಗ ಎಲ್ಲಿದ್ದಾನೋ. ಇದ್ದರೆ ಅವನಿಗೂ ಐವತ್ತು ದಾಟಿರಬೇಕು. ಮೂರು ಅಂಕಿ ಬರೆದಿಟ್ಟು ಹೋದದ್ದಕ್ಕೆ ಅವನಿಗೊಂದು ದೊಡ್ಡ ನಮಸ್ಕಾರ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬಿ ಇದ್ದರೆ, ಫಾರ್ಮ್ಯಾಟ್ ಮಾಡುವ ಮೊದಲು ಹಳೆಯ ಪುಸ್ತಕಗಳನ್ನು ಒಮ್ಮೆ ತಿರುವಿ ನೋಡಿ. ಸಿಕ್ಕಿದ್ದನ್ನು ಬರೆಯಿರಿ, ಓದಲು ಕಾಯುತ್ತೇನೆ.